ಅನಿಶ್ಚಿತ ವರ್ಷದಲ್ಲಿ ಸಂಬಳದ ಪರಾಮರ್ಶೆ: ಮೊದಲು ಲೆಕ್ಕ, ಅನಂತರ ಮಾತು

ಮಾರ್ಚ್ 31ಕ್ಕೆ ಲೆಕ್ಕಪತ್ರಗಳ ವರ್ಷ ಮುಗಿಯುತ್ತದೆ. ದಾಸ್ತಾನಿನ ಎಣಿಕೆ, ಬರಬೇಕಾದ ಬಾಕಿಗಳ ಪಟ್ಟಿ, ಜಿ.ಎಸ್.ಟಿ. ತಾಳೆ, ಬ್ಯಾಂಕಿಗೆ ಸಲ್ಲಿಸಬೇಕಾದ ವಿವರಗಳು – ಇವುಗಳಲ್ಲಿ ಉದ್ಯಮಿ ಮುಳುಗಿರುವಾಗಲೇ ಕಾರ್ಖಾನೆಯ ಯಂತ್ರಗಳ ಬಳಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ನೌಕರರ ಮನಸ್ಸಿನಲ್ಲಿ ನಡೆದಿರುತ್ತದೆ. ಏಪ್ರಿಲ್‌ನಿಂದ ಸಂಬಳ ಎಷ್ಟು ಏರಬಹುದು ಎಂಬುದೇ ಆ ಲೆಕ್ಕ. ಮೊದಲನೆಯದಕ್ಕೆ ಪುಸ್ತಕಗಳಿವೆ, ಪರಿಶೋಧನೆಯಿದೆ, ಕೊನೆಯ ದಿನಾಂಕವಿದೆ. ಎರಡನೆಯದಕ್ಕೆ ಬಹುಪಾಲು ಸಣ್ಣ ಘಟಕಗಳಲ್ಲಿ ಇವು ಯಾವುವೂ ಇಲ್ಲ.

ವ್ಯಾಪಾರ ಸುಗಮವಾಗಿರುವ ವರ್ಷಗಳಲ್ಲಿ ಈ ಕೊರತೆ ಎದ್ದು ಕಾಣುವುದಿಲ್ಲ. ಎಲ್ಲರಿಗೂ ಒಂದಿಷ್ಟು ಏರಿಸಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಅಂಥ ವರ್ಷಗಳನ್ನು ನಂಬಿ ಕೂರುವ ಕಾಲ ಇದಲ್ಲ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾಯಿತು. 2016ರ ನವೆಂಬರ್ 8ರಂದು ದೊಡ್ಡ ಮುಖಬೆಲೆಯ ನೋಟುಗಳ ರದ್ದತಿ ಘೋಷಣೆಯಾಯಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದಿತು, 2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್‌ಗೆ ಒಳಗಾಯಿತು, 2025ರ ಆಗಸ್ಟ್ 27ರಂದು ಅಮೆರಿಕವು ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿತು. ಹದಿನೇಳು ವರ್ಷಗಳಲ್ಲಿ ಐದು ಬಾರಿ ಮಾರುಕಟ್ಟೆಯ ಲೆಕ್ಕಾಚಾರ ತಲೆಕೆಳಗಾಗಿದೆ. ಆದ್ದರಿಂದ ಅನಿಶ್ಚಿತತೆಯನ್ನು ಅಪರೂಪದ ಸಂಗತಿಯೆಂದು ಭಾವಿಸದೆ, ಅಂಥ ವರ್ಷದಲ್ಲಿಯೂ ಸಂಬಳದ ಪರಾಮರ್ಶೆಯನ್ನು ಕ್ರಮಬದ್ಧವಾಗಿ ನಡೆಸುವ ವಿಧಾನವನ್ನು ಪ್ರತಿಯೊಂದು ಘಟಕವೂ ರೂಢಿಸಿಕೊಳ್ಳುವುದು ಅವಶ್ಯ.

ಸದ್ಯ ನಡೆಯುತ್ತಿರುವುದೇನು? ಕೆಲಸಗಾರ ಕಚೇರಿಯ ಬಾಗಿಲಲ್ಲಿ ನಿಂತು, “ಸಾರ್, ಈ ವರ್ಷ ಮಗಳನ್ನ ಕಾಲೇಜಿಗೆ ಸೇರಿಸ್ಬೇಕು, ಏನಾದ್ರೂ ನೋಡಿ ಸಾರ್” ಎನ್ನುತ್ತಾನೆ. “ಮಾರ್ಕೆಟ್ ಹೇಗಿದೆ ಅಂತ ನಿಂಗೇ ಗೊತ್ತಲ್ಲಪ್ಪ, ಮುಂದೆ ನೋಡೋಣ” ಎಂದು ಮಾಲೀಕರು ಹೇಳುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಇಬ್ಬರ ಮಾತಿನಲ್ಲಿಯೂ ಒಂದು ಅಂಕಿಯೂ ಇಲ್ಲ, ಒಂದು ದಿನಾಂಕವೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಸಂಬಳದ ವಿಷಯಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಮೌನವೇ ದುಬಾರಿ.

ಈ ವಿಷಯದಲ್ಲಿ ಎಲ್ಲ ಗೊಂದಲಕ್ಕೂ ಮೂಲ ಕಾರಣ ಒಂದೇ. ಕಾನೂನಿನ ಪ್ರಕಾರ ಕೊಡಲೇಬೇಕಾದದ್ದು, ಬೆಲೆಯೇರಿಕೆ ಕಸಿದುಕೊಂಡದ್ದನ್ನು ತುಂಬಿಕೊಡುವುದು, ಉತ್ತಮ ಕೆಲಸಕ್ಕೆ ಸಲ್ಲಬೇಕಾದದ್ದು ಮತ್ತು ಘಟಕಕ್ಕೆ ಭರಿಸಲು ಸಾಧ್ಯವಿರುವುದು – ಈ ನಾಲ್ಕು ಬೇರೆ ಬೇರೆ ಲೆಕ್ಕಗಳನ್ನು ಒಂದೇ ‘ಇನ್‌ಕ್ರಿಮೆಂಟ್’ ಎಂಬ ಪದದಲ್ಲಿ ಕಲೆಸಲಾಗುತ್ತಿದೆ. ಇವನ್ನು ಬೇರ್ಪಡಿಸಿ ಬರೆದಿಟ್ಟುಕೊಂಡರೆ ಅರ್ಧ ಸಿದ್ಧತೆ ಮುಗಿದಂತೆ.

ಮೊದಲ ಲೆಕ್ಕ: ಕಾನೂನಿನ ಬಾಧ್ಯತೆ

ಕನಿಷ್ಠ ವೇತನ ಚೌಕಾಶಿಯ ವಸ್ತುವಲ್ಲ. ಕರ್ನಾಟಕದಲ್ಲಿ ಬೆಲೆ ಸೂಚ್ಯಂಕದ ಆಧಾರದ ಮೇಲೆ ಬದಲಾಗುವ ತುಟ್ಟಿಭತ್ಯೆಯನ್ನು ಕಾರ್ಮಿಕ ಇಲಾಖೆಯು ಪ್ರತಿ ವರ್ಷ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಪ್ರಕಟಿಸುತ್ತ ಬಂದಿದೆ. ಈ ಏರಿಕೆಯನ್ನು ಮಾಲೀಕರು ತಮ್ಮ ಔದಾರ್ಯವೆಂದು ಹೇಳಿಕೊಳ್ಳಲಾಗದು; ವ್ಯಾಪಾರ ಕುಸಿದಿದೆಯೆಂದು ತಡೆಹಿಡಿಯಲೂ ಆಗದು.

ಇದಕ್ಕೆ ರಾಜ್ಯದ ಸಿದ್ಧ ಉಡುಪು ಉದ್ಯಮದ ಅನುಭವವೇ ನಿದರ್ಶನ. 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ ಸುಮಾರು 417 ರೂ. ತುಟ್ಟಿಭತ್ಯೆಯನ್ನು ಕೋವಿಡ್ ಸಂಕಷ್ಟದ ಹಿನ್ನೆಲೆಯಲ್ಲಿ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಪಾವತಿಯನ್ನು ಮುಂದೂಡಲು ಸರ್ಕಾರವೂ ಆದೇಶ ಹೊರಡಿಸಿತು. ಕಾರ್ಮಿಕ ಸಂಘ ಅದನ್ನು ಪ್ರಶ್ನಿಸಿತು. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ವಿವಾದ ಅಲ್ಲಿಗೆ ನಿಲ್ಲದೆ ವಿದೇಶಿ ಖರೀದಿದಾರರ ಬಾಗಿಲಿಗೂ ಹೋಯಿತು. ತಲೆಗೆ 417 ರೂಪಾಯಿಯೆಂದರೆ ಚಿಕ್ಕ ಮೊತ್ತ. ಆದರೆ ಸಾವಿರಾರು ಕಾರ್ಮಿಕರ ಹಲವು ತಿಂಗಳ ಬಾಕಿಯಾಗಿ ಬೆಳೆದಾಗ ಅದು ಚಿಕ್ಕದಲ್ಲ. ಕಾನೂನಿನಂತೆ ಕೊಡಬೇಕಾದ ಹಣವನ್ನು ಕಷ್ಟದ ವರ್ಷದಲ್ಲಿ ಉಳಿಸಿದಂತೆ ಕಂಡರೂ ಅದು ಉಳಿತಾಯವಲ್ಲ, ಬಾಕಿ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಈ ಲೆಕ್ಕದಲ್ಲಿ ಇನ್ನಷ್ಟು ಎಚ್ಚರ ಬೇಕು. 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಪಾವತಿ ಕಾಯ್ದೆ ಮೊದಲಾದವುಗಳ ಸ್ಥಾನದಲ್ಲಿ 2019ರ ವೇತನ ಸಂಹಿತೆ ಬಂದಿದೆ. ಅದರ ವ್ಯಾಖ್ಯೆಯಂತೆ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾದ ಹೊರಗಿಡಬಹುದಾದ ಅಂಶಗಳು ಒಟ್ಟು ಸಂಭಾವನೆಯ ಶೇ. 50ನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಪರಿಗಣಿಸಲಾಗುತ್ತದೆ. ಮೂಲ ವೇತನವನ್ನು ಕಡಿಮೆ ತೋರಿಸಿ ಭತ್ಯೆಗಳನ್ನು ಹಿಗ್ಗಿಸುವ ಹಳೆಯ ಪದ್ಧತಿಗೆ ಇನ್ನು ಅರ್ಥವಿಲ್ಲ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಬೋನಸ್ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಎಂಬುದು ಮೊದಲಿನಂತೆಯೇ ಉಳಿದಿದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಕಾರಣದಿಂದ ವೇತನದಲ್ಲಿ ತಾರತಮ್ಯ ಮಾಡುವಂತಿಲ್ಲ. ಪ್ಯಾಕಿಂಗ್ ವಿಭಾಗದ ಮಹಿಳೆಯರ ಸಂಬಳಪಟ್ಟಿಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡುವುದು ಲೇಸು.

ಎರಡನೆಯ ಲೆಕ್ಕ: ಬೆಲೆಯೇರಿಕೆ

ಸಂಬಳವನ್ನು ಏರಿಸದಿದ್ದರೆ ಅದು ಇದ್ದಲ್ಲಿಯೇ ಇರುತ್ತದೆಂದು ಅನೇಕರು ತಿಳಿಯುತ್ತಾರೆ. ನಿಜವಾಗಿ ಅದು ಕುಗ್ಗುತ್ತದೆ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿಗೆ 2016ರಲ್ಲಿ ನಿಗದಿಯಾದ ಹಣದುಬ್ಬರದ ಗುರಿ ಶೇ. 4. ಬೆಲೆಗಳು ಅಷ್ಟೇ ಪ್ರಮಾಣದಲ್ಲಿ ಏರುತ್ತವೆಯೆಂದು ಇಟ್ಟುಕೊಂಡರೂ, 18,000 ರೂ. ಪಡೆಯುವವನು ಹಿಂದಿನ ವರ್ಷದಷ್ಟೇ ಸಾಮಾನು ಕೊಳ್ಳಲು 18,720 ರೂ. ಬೇಕು. ಮೂರು ವರ್ಷ ಏರಿಕೆಯೇ ಇಲ್ಲದಿದ್ದರೆ ಆ 18,000 ರೂಪಾಯಿಯ ಕೊಳ್ಳುವ ಶಕ್ತಿ ಸುಮಾರು 16,000 ರೂಪಾಯಿಗೆ ಇಳಿದಿರುತ್ತದೆ. ಮೂರು ವರ್ಷ ಸಂಬಳ ಮುಟ್ಟಲಿಲ್ಲವೆನ್ನುವ ಮಾಲೀಕರು ತಮಗರಿವಿಲ್ಲದೆಯೇ 2,000 ರೂಪಾಯಿ ಕಡಿತ ಮಾಡಿದಂತಾಯಿತು. ಕೆಲಸಗಾರನಿಗೆ ಸೂಚ್ಯಂಕದ ಪರಿಚಯ ಇಲ್ಲದಿರಬಹುದು. ದಿನಸಿ ಅಂಗಡಿಯ ಚೀಟಿಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ಒಂದು ರೂಪಾಯಿ ಏರಿಕೆಯ ನಿಜವಾದ ವೆಚ್ಚ

ಇನ್ನೊಂದು ಬದಿಯ ಸತ್ಯವನ್ನೂ ಗಮನಿಸಬೇಕು. ಮಾಲೀಕರಿಗೆ ತಗಲುವ ಹೊರೆ ಕೆಲಸಗಾರನ ಕೈಗೆ ಸೇರುವ ಏರಿಕೆಗಿಂತ ಹೆಚ್ಚು. 24 ಮಂದಿ ಇರುವ ಯಂತ್ರಭಾಗಗಳ ಒಂದು ಘಟಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಸಂಬಳ ತಲಾ 18,000 ರೂ.; ಪಿ.ಎಫ್. ವಂತಿಗೆಯನ್ನು ಪೂರ್ಣ ವೇತನದ ಮೇಲೆ ಕಟ್ಟಲಾಗುತ್ತಿದೆ. ಆಯುಧಪೂಜೆಗೆ ಒಂದು ತಿಂಗಳ ಸಂಬಳವನ್ನು ಬೋನಸ್ ಕೊಡುವ ರೂಢಿಯಿದೆ. ಪ್ರತಿಯೊಬ್ಬರಿಗೂ ತಿಂಗಳಿಗೆ 1,500 ರೂ. ಏರಿಸಿದರೆ ಒಬ್ಬರ ಲೆಕ್ಕ ಹೀಗಾಗುತ್ತದೆ:

– ಸಂಬಳದ ಏರಿಕೆ: 1,500 ರೂ.
– ಪಿ.ಎಫ್., ಅದರ ವಿಮೆ ಹಾಗೂ ಆಡಳಿತ ಶುಲ್ಕ ಸೇರಿ ಶೇ. 13: 195 ರೂ.
– ಇ.ಎಸ್.ಐ. ಮಾಲೀಕರ ಪಾಲು ಶೇ. 3.25: ಸುಮಾರು 49 ರೂ.
– ಬೋನಸ್ಸಿನ ಮಾಸಿಕ ಪಾಲು: 125 ರೂ.
– ಗ್ರಾಚ್ಯುಟಿಗಾಗಿ ತೆಗೆದಿಡಬೇಕಾದದ್ದು: ಸುಮಾರು 72 ರೂ.
– ಒಟ್ಟು: ಸುಮಾರು 1,941 ರೂ.

ಅಂದರೆ ಪ್ರತಿ ಒಂದು ರೂಪಾಯಿ ಏರಿಕೆಗೆ ಘಟಕದ ಹೊರೆ ಸುಮಾರು 1 ರೂ. 29 ಪೈಸೆ. 24 ಮಂದಿಗೆ ವರ್ಷಕ್ಕೆ ಸುಮಾರು 5.59 ಲಕ್ಷ ರೂ. ಕಚ್ಚಾ ಸಾಮಗ್ರಿ, ವಿದ್ಯುತ್ತು, ಹೊರಗಿನ ಜಾಬ್ ವರ್ಕ್ ಖರ್ಚು ಕಳೆದು ಮಾರಾಟದ ಶೇ. 30 ಉಳಿಯುತ್ತದೆಯೆಂದಾದರೆ, ಈ ಏರಿಕೆಯನ್ನು ಭರಿಸಲು ವರ್ಷಕ್ಕೆ 18.63 ಲಕ್ಷ ರೂ. ಹೆಚ್ಚಿನ ಮಾರಾಟ ಬೇಕು.

ಇಲ್ಲಿ ಬಹಳ ಮಂದಿ ಮರೆಯುವ ಒಂದು ಅಂಶ ಗ್ರಾಚ್ಯುಟಿ. ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನವನ್ನು, ತಿಂಗಳಿಗೆ 26 ದಿನಗಳೆಂದು ಹಿಡಿದು, ಕೊನೆಯದಾಗಿ ಪಡೆದ ವೇತನದ ಮೇಲೆ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಇಂದಿನ ಏರಿಕೆ ಕಳೆದ ವರ್ಷಗಳ ಸೇವೆಗೂ ಅನ್ವಯಿಸುತ್ತದೆ. ಹನ್ನೆರಡು ವರ್ಷ ದುಡಿದವನಿಗೆ 1,500 ರೂ. ಏರಿಸಿದ ಕ್ಷಣವೇ ಹಿಂದಿನ ಸೇವೆಯ ಬಾಬತ್ತು ಗ್ರಾಚ್ಯುಟಿ ಹೊರೆ ಸುಮಾರು 10,385 ರೂ. ಹೆಚ್ಚುತ್ತದೆ. ಇದನ್ನು ಪುಸ್ತಕದಲ್ಲಿ ಕಾಣಿಸದೆ ಬಿಟ್ಟರೆ ನಿವೃತ್ತಿಯ ದಿನ ಅದು ನಗದಾಗಿಯೇ ಎದುರು ನಿಲ್ಲುತ್ತದೆ.

ಕೆಲವು ಏರಿಕೆಗಳು ಗೆರೆ ದಾಟುವುದರಿಂದ ಬೇರೆ ಪರಿಣಾಮವನ್ನೂ ಉಂಟುಮಾಡುತ್ತವೆ. ಇ.ಎಸ್.ಐ. ವ್ಯಾಪ್ತಿಗೆ 2017ರ ಜನವರಿಯಲ್ಲಿ ನಿಗದಿಯಾದ ವೇತನ ಮಿತಿ 21,000 ರೂ. 20,500 ರೂ. ಪಡೆಯುತ್ತಿರುವವನಿಗೆ 800 ರೂ. ಏರಿಸಿದರೆ ಅವನು ಮಿತಿ ದಾಟುತ್ತಾನೆ. ಅವನ ಕುಟುಂಬದ ವೈದ್ಯಕೀಯ ರಕ್ಷಣೆ ಮುಂದೆ ಕೊನೆಗೊಳ್ಳುತ್ತದೆ. ವಂತಿಗೆಯ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ಸದಸ್ಯತ್ವ ಮುಂದುವರಿಯುತ್ತದೆ. ಮನೆಯಲ್ಲಿ ರೋಗಿಗಳಿರುವ ಕೆಲಸಗಾರನಿಗೆ 800 ರೂಪಾಯಿಗಿಂತ ಈ ರಕ್ಷಣೆಯೇ ದೊಡ್ಡದಾಗಿರಬಹುದು. ಆದ್ದರಿಂದ ಇಂಥವರೊಡನೆ ಮೊದಲೇ ಮಾತನಾಡಿ, ಗುಂಪು ಆರೋಗ್ಯ ವಿಮೆಯ ಏರ್ಪಾಡು ಮಾಡಿಯೇ ಏರಿಕೆ ಕೊಡುವುದು ಯುಕ್ತ. ಹಾಗೆಯೇ 2023ರ ಏಪ್ರಿಲ್‌ನಿಂದ ರಾಜ್ಯದಲ್ಲಿ 25,000 ರೂ. ಮತ್ತು ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ ವೃತ್ತಿ ತೆರಿಗೆ ಅನ್ವಯವಾಗುತ್ತಿದೆಯೆಂಬುದನ್ನೂ ನೆನಪಿಡಬೇಕು.

ಮೂರನೆಯ ಲೆಕ್ಕ: ಸಾಧನೆ

ಕೆಲಸದ ಮೌಲ್ಯಮಾಪನವೆಂದರೆ ದೊಡ್ಡ ಕಂಪನಿಗಳ ನಮೂನೆಗಳನ್ನು ತಂದು ತುಂಬಿಸುವುದಲ್ಲ. 24 ಮಂದಿಯ ಘಟಕಕ್ಕೆ ಒಂದು ನೋಟ್‌ಬುಕ್ ಸಾಕು. ಆದರೆ ಅದರಲ್ಲಿ ಬರೆಯಬೇಕಾದದ್ದನ್ನು ವರ್ಷವಿಡೀ ಬರೆದಿರಬೇಕು. ಮಾರ್ಚ್ ಕೊನೆಯ ವಾರದಲ್ಲಿ ನೆನಪಿನಿಂದ ತುಂಬಿಸಿದರೆ ಕಳೆದ ಎರಡು ತಿಂಗಳ ಘಟನೆಗಳಷ್ಟೇ ಇಡೀ ವರ್ಷದ ತೀರ್ಪಾಗುತ್ತವೆ.

ಟರ್ನರ್, ಫಿಟ್ಟರ್‌ಗಳ ವಿಷಯದಲ್ಲಿ ರಿಜೆಕ್ಷನ್ ಪ್ರಮಾಣ, ಮತ್ತೆ ಮಾಡಬೇಕಾದ ಕೆಲಸ, ಹೇಳಿದ ದಿನಕ್ಕೆ ಮುಗಿಸಿದ ಕೆಲಸಗಳ ಸಂಖ್ಯೆ, ಹಾಜರಾತಿ, ನಿಭಾಯಿಸಬಲ್ಲ ಯಂತ್ರಗಳು, ಹೊಸಬರಿಗೆ ಕಲಿಸಿದ್ದು – ಇಷ್ಟನ್ನು ತಿಂಗಳಿಗೊಮ್ಮೆ ಗುರುತು ಹಾಕಿದರೆ ಸಾಕು. ಅಂಗಡಿಯ ಮಾರಾಟಗಾರರ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಅನಿಶ್ಚಿತ ಕಾಲದಲ್ಲಿ ಮಾರಾಟದ ಮೊತ್ತವನ್ನೇ ಸಾಧನೆಯೆಂದು ಎಣಿಸಿದರೆ, ಹಣ ಕೊಡಲಾರದ ಗಿರಾಕಿಗೂ ಉದ್ದರಿಯಲ್ಲಿ ಮಾಲು ಹೋಗುತ್ತದೆ. ಮಾರಿದ್ದಲ್ಲ, ವಸೂಲಾದದ್ದೇ ಅಳತೆಗೋಲಾಗಬೇಕು. ಲೆಕ್ಕದ ಗುಮಾಸ್ತರ ವಿಷಯದಲ್ಲಿ ಜಿ.ಎಸ್.ಟಿ. ವಿವರಪಟ್ಟಿ ತಡವಾಗಿ ತೆತ್ತ ದಂಡ, ತಪ್ಪಿಹೋದ ಹೂಡುವಳಿ ತೆರಿಗೆ ಜಮೆ, ಬಾಕಿದಾರರ ಪಟ್ಟಿಯ ತಾಜಾತನ – ಇವು ಸುಲಭವಾಗಿ ಸಿಗುವ ಅಳತೆಗಳು.

ಇನ್ನೊಂದು ಮುಖ್ಯ ಸಂಗತಿಯೆಂದರೆ ಕೆಲಸಗಾರನ ಕೈಯಲ್ಲಿರುವುದನ್ನೂ ಮಾರುಕಟ್ಟೆಯ ಕೈಯಲ್ಲಿರುವುದನ್ನೂ ಬೇರ್ಪಡಿಸುವುದು. ಆರ್ಡರ್ ಇಲ್ಲದೆ ಯಂತ್ರ ನಿಂತದ್ದು ಆಪರೇಟರನ ದೋಷವಲ್ಲ. ಆರ್ಡರ್ ಕುಸಿದ ವರ್ಷದಲ್ಲಿಯೇ ರಿಜೆಕ್ಷನ್ ಇಳಿಸಿದವನು, ಬೇಡಿಕೆ ಉಕ್ಕಿದ ವರ್ಷದಲ್ಲಿ ಹೆಚ್ಚು ನಗ ತೆಗೆದವನಿಗಿಂತ ದೊಡ್ಡ ಸೇವೆ ಸಲ್ಲಿಸಿರಬಹುದು.

ನಾಲ್ಕನೆಯ ಲೆಕ್ಕ: ಭರಿಸುವ ಶಕ್ತಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಎಲ್ಲರಿಗೂ ಗೊತ್ತು. ಆದರೆ ಹಾಸಿಗೆಯ ಉದ್ದವನ್ನು ಅಳೆದವರು ಕಡಿಮೆ. ಮುಂದಿನ ವರ್ಷದ ಮಾರಾಟವನ್ನು ಮೂರು ಅಂಕಣಗಳಲ್ಲಿ ಬರೆಯುವುದು ಒಳ್ಳೆಯ ಪದ್ಧತಿ: ಕೈಯಲ್ಲಿರುವ ಆರ್ಡರ್‌ಗಳು, ಹಳೆಯ ಗಿರಾಕಿಗಳಿಂದ ಬರುವ ಸಂಭವವಿರುವವು, ಕೇವಲ ನಿರೀಕ್ಷೆಯಲ್ಲಿರುವವು. ಶಾಶ್ವತ ಏರಿಕೆಯನ್ನು ಮೊದಲ ಅಂಕಣದ ಬಲದ ಮೇಲೆ ಮಾತ್ರ ನಿರ್ಧರಿಸಬೇಕು. ಎರಡನೆಯ ಅಂಕಣದ ಆಧಾರದ ಮೇಲೆ ಒಂದು ಬಾರಿಯ ಪ್ರೋತ್ಸಾಹಧನವನ್ನು ಒಪ್ಪಬಹುದು. ಮೂರನೆಯದರ ಮೇಲೆ ಯಾವ ಮಾತನ್ನೂ ಕೊಡಬಾರದು.

ಏಕೆಂದರೆ ಸಂಬಳ ಏರಿಕೆ ಹಿಂದಿರುಗಿ ಬಾರದ ಹೆಜ್ಜೆ. ಬೇಡಿಕೆ ಕುಸಿದಾಗ ಅದನ್ನು ಇಳಿಸುವುದು ಮನುಷ್ಯ ಸಂಬಂಧದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಕಷ್ಟ. ಕಾರ್ಮಿಕರ ವೇತನ, ಭತ್ಯೆಗಳ ಷರತ್ತು ಬದಲಿಸಬೇಕಾದರೆ 21 ದಿನಗಳ ನೋಟಿಸ್ ಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿದೆ. ಬಾಯಿಮಾತಿನ ಕಡಿತ ವಿವಾದಕ್ಕೆ ದಾರಿ.

ಲಾಭ ಮತ್ತು ನಗದು ಒಂದೇ ಅಲ್ಲವೆಂಬುದೂ ಇಲ್ಲಿ ಮುಖ್ಯ. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಕೊಡಬೇಕು. ದೊಡ್ಡ ಖರೀದಿದಾರರ ಹಣವೋ ತೊಂಬತ್ತು ದಿನಕ್ಕೂ ಬಾರದಿರಬಹುದು. ಕಿರು ಮತ್ತು ಸಣ್ಣ ಘಟಕಗಳಿಗೆ ಗರಿಷ್ಠ 45 ದಿನಗಳೊಳಗೆ ಪಾವತಿಯಾಗಬೇಕೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಈ ಗಡುವು ಮೀರಿದ ಪಾವತಿಯನ್ನು ಖರೀದಿದಾರರು ಹಣ ಕೊಟ್ಟ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದೆಂಬ ಆದಾಯ ತೆರಿಗೆ ನಿಯಮ 2023ರ ಹಣಕಾಸು ಕಾಯ್ದೆಯ ಮೂಲಕ ಬಂದಿತು. ನೋಂದಣಿಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸಿ, ಬಾಕಿಯನ್ನು ಲಿಖಿತವಾಗಿ ಕೇಳುವುದು ಸಂಬಳದ ಪರಾಮರ್ಶೆಯ ಸಿದ್ಧತೆಯ ಭಾಗವೇ ಹೌದು. ವಸೂಲಾಗದ ಬಾಕಿಯ ಭಾರವನ್ನು ಕೊನೆಗೆ ಹೊರುವವನು ಕೆಲಸಗಾರ.

ಮಾಲೀಕರ ಸ್ವಂತ ಡ್ರಾಯಿಂಗ್ಸ್ ಕೂಡ ಈ ಅಂಕಣದಲ್ಲಿ ಬರಬೇಕು. ಕೆಲಸಗಾರರಿಗೆ ಕಷ್ಟಕಾಲವೆಂದು ಹೇಳಿದ ವರ್ಷದಲ್ಲಿಯೇ ಕಾರ್ಖಾನೆಯ ಮುಂದೆ ಹೊಸ ಕಾರು ನಿಂತರೆ ಅನಂತರ ತೋರಿಸುವ ಯಾವ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ಮೌನದ ಬೆಲೆ

ಹಾಗಾದರೆ ಏನನ್ನೂ ಹೇಳದೆ ವರ್ಷ ದೂಡಿದರೆ ಆಗುವ ನಷ್ಟವೆಷ್ಟು? ಮೇಲಿನ ಘಟಕದಲ್ಲಿಯೇ 18,000 ರೂಪಾಯಿಯ ನುರಿತ ಟರ್ನರ್ ಒಬ್ಬ ಪಕ್ಕದ ರಸ್ತೆಯ ಘಟಕಕ್ಕೆ 20,000 ರೂಪಾಯಿಗೆ ಹೋದನೆಂದು ಭಾವಿಸಬಹುದು. ಅವನ ಜಾಗಕ್ಕೆ ಬರುವವನೂ 20,000 ಕೇಳುತ್ತಾನೆ; ವರ್ಷಕ್ಕೆ 24,000 ರೂ. ಹೆಚ್ಚಾಯಿತು. ಹೊಸಬ ಸಿಗುವವರೆಗೆ ಹದಿನೈದು ದಿನ ಯಂತ್ರ ನಿಂತರೆ, ಗಂಟೆಗೆ 350 ರೂ. ಉಳಿಕೆಯಂತೆ ದಿನಕ್ಕೆ ಎಂಟು ಗಂಟೆಗೆ, 42,000 ರೂ. ಹೋಯಿತು. ಇಲ್ಲಿಗೆ 66,000 ರೂ. ಹೊಸಬನ ಕೈ ಪಳಗುವವರೆಗಿನ ರಿಜೆಕ್ಷನ್, ತಡವಾದ ಸರಬರಾಜು ಬೇರೆ. ಹೊರಟವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕೆಂದೂ ವೇತನ ಸಂಹಿತೆ ಹೇಳುತ್ತದೆ.

ಅದೇ ಟರ್ನರನಿಗೆ 1,000 ರೂ. ಏರಿಸಿದ್ದರೆ ಎಲ್ಲ ಸೇರಿ ವರ್ಷದ ಹೊರೆ ಸುಮಾರು 15,500 ರೂ. ಸಾವಿರ ರೂಪಾಯಿಗೇ ಅವನು ನಿಲ್ಲುತ್ತಿದ್ದನೆಂಬ ಖಾತರಿಯಿಲ್ಲ. ಆದರೆ ಅನೇಕ ಸಂದರ್ಭಗಳಲ್ಲಿ ನೌಕರ ಹೊರಡುವುದು ಕಡಿಮೆ ಕೊಟ್ಟರೆಂದಲ್ಲ, ಏನನ್ನೂ ಹೇಳಲಿಲ್ಲವೆಂದು. ಕಷ್ಟಕಾಲದಲ್ಲಿ ಮೊದಲು ಹೊರಡುವವನು ಬೇರೆಡೆ ಸುಲಭವಾಗಿ ಕೆಲಸ ಸಿಗುವವನೇ, ಅಂದರೆ ಘಟಕಕ್ಕೆ ಎಲ್ಲರಿಗಿಂತ ಹೆಚ್ಚು ಬೇಕಾದವನೇ ಎಂಬುದನ್ನು ಮರೆಯಬಾರದು.

ಕೊಡಲು ಸಾಧ್ಯವಿಲ್ಲದಿದ್ದಾಗ

ನಿಜವಾಗಿಯೂ ಹಣವಿಲ್ಲದ ವರ್ಷಗಳಿರುತ್ತವೆ. ಆಗ ಮಾಡಬೇಕಾದದ್ದು ನಿರಾಕರಣೆಯಲ್ಲ, ದಿನಾಂಕಸಹಿತವಾದ ಮುಂದೂಡಿಕೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ಸಂಬಳ ಏರಿಕೆ ಹಾಗೂ ಬಡ್ತಿಗಳನ್ನು ತಡೆಹಿಡಿಯಿತು. ಪರಿಸ್ಥಿತಿ ತಿಳಿಯಾಗುತ್ತಿದ್ದಂತೆ ಅದೇ ಅಕ್ಟೋಬರ್‌ನಲ್ಲಿ, ಎಲ್ಲ ಹಂತಗಳಲ್ಲಿಯೂ 2021ರ ಜನವರಿ 1ರಿಂದ ಏರಿಕೆ ಕೊಡುವುದಾಗಿ ಪ್ರಕಟಿಸಿತು. ಕಿರಿಯ ನೌಕರರಿಗೆ ವಿಶೇಷ ಪ್ರೋತ್ಸಾಹಧನವನ್ನೂ ನೀಡಿತು. ಟಿ.ಸಿ.ಎಸ್. ಸಂಸ್ಥೆ ತಡೆಹಿಡಿದ ಏರಿಕೆಯನ್ನು 2020ರ ಅಕ್ಟೋಬರ್ 1ರಿಂದ ಕೊಟ್ಟಿತು. ಆ ಸಂಸ್ಥೆಗಳ ಗಾತ್ರಕ್ಕೂ ಸಣ್ಣ ಘಟಕಕ್ಕೂ ಹೋಲಿಕೆಯಿಲ್ಲ. ಆದರೆ ತಡೆದದ್ದನ್ನು ಬಹಿರಂಗವಾಗಿ ಹೇಳಿ, ಮತ್ತೆ ಕೊಡುವ ದಿನವನ್ನೂ ಬಹಿರಂಗವಾಗಿಯೇ ಹೇಳುವ ಕ್ರಮಕ್ಕೆ ಗಾತ್ರದ ಹಂಗಿಲ್ಲ.

ಸಣ್ಣ ಘಟಕ ಅನುಸರಿಸಬಹುದಾದ ಮಾರ್ಗಗಳು ಹಲವು. 1,500 ರೂ. ಏರಿಕೆಯ ಬದಲು 750 ರೂಪಾಯಿಯನ್ನು ಈಗಲೇ ಶಾಶ್ವತವಾಗಿ ಏರಿಸಿ, ಉಳಿದದ್ದನ್ನು ಮೂರು ತಿಂಗಳಿಗೊಮ್ಮೆ, ವಸೂಲಾದ ಬಿಲ್ಲುಗಳ ಮೊತ್ತ ಒಂದು ಮಟ್ಟ ಮುಟ್ಟಿದರೆ ಕೊಡುವ ಪ್ರೋತ್ಸಾಹಧನವಾಗಿ ಇಡಬಹುದು. ಆಗ ಶಾಶ್ವತ ಹೊರೆ ವರ್ಷಕ್ಕೆ 5.59 ಲಕ್ಷದಿಂದ ಸುಮಾರು 2.80 ಲಕ್ಷಕ್ಕೆ ಇಳಿಯುತ್ತದೆ. ಜೂನ್ ತಿಂಗಳ ಶಾಲಾ ಶುಲ್ಕಕ್ಕೆ ಬಡ್ಡಿಯಿಲ್ಲದ ಮುಂಗಡ ಕೊಡಬಹುದು. ಹೊರಗಿನ ಬಡ್ಡಿ ತಪ್ಪಿದರೆ ಅದೂ ಕೆಲಸಗಾರನ ಉಳಿತಾಯವೇ. ಆರ್ಡರ್ ಕಡಿಮೆಯಿರುವ ದಿನಗಳಲ್ಲಿ ಸಿ.ಎನ್.ಸಿ. ಯಂತ್ರದ ತರಬೇತಿ ಕೊಡಿಸಬಹುದು. ಆದರೆ ತರಬೇತಿ, ಪ್ರಶಂಸಾಪತ್ರಗಳು ಹಣಕ್ಕೆ ಶಾಶ್ವತ ಬದಲಿಯಾಗಲಾರವು.

ನೌಕರನ ಸಿದ್ಧತೆ

ಸಿದ್ಧತೆ ಮಾಲೀಕರದು ಮಾತ್ರವಲ್ಲ. ಸೂಪರ್‌ವೈಸರ್, ಲೆಕ್ಕಿಗ, ಮಾರಾಟ ಪ್ರತಿನಿಧಿ – ಯಾರೇ ಆಗಲಿ, ಮನೆಯ ಕಷ್ಟವೊಂದನ್ನೇ ಹೇಳಿಕೊಂಡರೆ ಅದು ಬೇಡಿಕೆಯಾಗದೆ ಕೋರಿಕೆಯಾಗಿ ಉಳಿಯುತ್ತದೆ. ವರ್ಷದಲ್ಲಿ ತನ್ನಿಂದ ಘಟಕಕ್ಕೆ ಉಳಿದದ್ದೇನು, ಬಂದದ್ದೇನು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದುಕೊಂಡು ಬರುವವನ ಮಾತಿಗೆ ತೂಕ ಹೆಚ್ಚು. ಉಪಕರಣದ ಖರ್ಚು ಇಳಿಸಿದ್ದು, ನಿಂತುಹೋಗಿದ್ದ ಬಾಕಿಯನ್ನು ವಸೂಲು ಮಾಡಿದ್ದು, ರಜೆಯ ದಿನ ಬಂದು ತುರ್ತು ಮಾಲು ಕಳುಹಿಸಿದ್ದು – ಇವನ್ನು ದಿನಾಂಕದೊಡನೆ ಹೇಳಬಹುದು. ಪೇಟೆಯಲ್ಲಿ ಅದೇ ಕೆಲಸಕ್ಕೆ ಇರುವ ದರ ತಿಳಿದಿರಬೇಕು. ಕೈಗೆ ಬರುವ ಹಣದ ಜೊತೆಗೆ ಪಿ.ಎಫ್., ಇ.ಎಸ್.ಐ., ಗ್ರಾಚ್ಯುಟಿಗಳೂ ತನ್ನವೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇವಿಲ್ಲದ ಕಡೆ ಸಿಗುವ ಎರಡು ಸಾವಿರ ಹೆಚ್ಚಿನ ಸಂಬಳ ನಿಜವಾಗಿ ಹೆಚ್ಚಲ್ಲ. ಈ ವಿವರಗಳನ್ನು ಬರೆಯುವ ಅಭ್ಯಾಸ ನೌಕರರಲ್ಲಿ ಬೆಳೆಯಲು ಮಾಲೀಕರೇ ಪ್ರೋತ್ಸಾಹಿಸಿದರೆ ಕೆಲಸ ಇಬ್ಬರಿಗೂ ಹಗುರ.

ಮಾತುಕತೆಯ ದಿನ

ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ, ಕೂರಿಸಿಕೊಂಡು, ಇಪ್ಪತ್ತು ನಿಮಿಷವಾದರೂ ಕೊಡಬೇಕು. ಸಂಬಳ ಬಟವಾಡೆಯ ದಿನ, ಯಂತ್ರದ ಸದ್ದಿನ ನಡುವೆ, ಇತರರೆದುರು ಈ ಮಾತು ಆಗಬಾರದು. ಮೊದಲು ಕೆಲಸದ ವಿಷಯ, ಅನಂತರ ಘಟಕದ ಸ್ಥಿತಿ, ಕೊನೆಗೆ ಮೊತ್ತ – ಈ ಕ್ರಮ ಮೇಲು. ಘಟಕದ ಸ್ಥಿತಿ ಹೇಳುವಾಗ ಬ್ಯಾಲೆನ್ಸ್ ಶೀಟನ್ನೇ ತೆರೆದಿಡಬೇಕಾಗಿಲ್ಲ. ಆರ್ಡರ್ ಎಷ್ಟು ಕುಸಿದಿದೆ, ಎಷ್ಟು ದಿನದ ಬಾಕಿ ನಿಂತಿದೆ ಎಂಬ ಎರಡು ಅಂಕಿಗಳು ಸಾಕು. ಆದರೆ ಅವು ನಿಜವಾಗಿರಬೇಕು. ಯಂತ್ರದ ಬಳಿ ನಿಲ್ಲುವವನಿಗೆ ದಿನಕ್ಕೆ ಎಷ್ಟು ಲಾರಿ ಹೊರಡುತ್ತದೆಂಬುದು ಯಾರೂ ಹೇಳದೆಯೇ ತಿಳಿದಿರುತ್ತದೆ.

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಸಹಿ ಮಾಡಿ, ಒಂದು ಪ್ರತಿಯನ್ನು ನೌಕರನಿಗೆ ಕೊಡತಕ್ಕದ್ದು. ಶಾಶ್ವತ ಏರಿಕೆ ಎಷ್ಟು, ಎಂದಿನಿಂದ. ಒಂದು ಬಾರಿಯ ಮೊತ್ತ ಎಷ್ಟು, ಯಾವ ಷರತ್ತಿಗೆ. ಏರಿಕೆಯಿಲ್ಲದಿದ್ದರೆ ಮತ್ತೆ ಮಾತನಾಡುವ ದಿನ ಯಾವುದು – ಈ ಮೂರು ಸಾಲುಗಳಿದ್ದರೆ ಸಾಕು. ಆ ದಿನ ಬಂದಾಗ ಕೊಡಲು ಹಣ ಇರಲಿ, ಇಲ್ಲದಿರಲಿ, ನೌಕರನನ್ನು ಕರೆದು ಮಾತನಾಡುವುದು ಮಾಲೀಕರ ಕರ್ತವ್ಯ. ಆರ್ಡರ್‌ಗಳು ಮುಂದಿನ ವರ್ಷ ಮರಳಬಹುದು. ಅವನ್ನು ಪೂರೈಸುವ ನುರಿತ ಕೈಗಳು ಅಷ್ಟರವರೆಗೆ ಘಟಕದಲ್ಲಿಯೇ ಉಳಿದಿರಬೇಕು.